ಎರಡು ಆಂಟಿವೈರಸ್ ಮತ್ತು ಒಂದು ಬಾಣಲೆ ಹಾಲ್ಬಾಯಿ

ನಮ್ಮ ಮನೆಯ ಕಂಪ್ಯೂಟರಿನೊಳಗೆ ವೈರಸ್ ನುಗ್ಗುವುದು ಸಾಧ್ಯವೇ ಇಲ್ಲ. ಈ ಮಾತನ್ನು ನಮ್ಮೂರು ಕೋಡಿಯ ಸೇತುವೆಯ ಮೇಲೆ ನಿಂತು ಎದೆ ತಟ್ಟಿ ಹೇಳಬಲ್ಲೆ. ವೈರಸ್ ಬಿಡಿ, ಕಂಪ್ಯೂಟರನ್ನು ಕೊಂಡು ತಂದ ನನಗೇ ಒಳಗೆ ಪ್ರವೇಶವಿಲ್ಲ!

ಕುಂದಾಪುರ ಪೇಟೆಯಲ್ಲಿ ನನ್ನದೊಂದು ಮೀನುಬಲೆಯ ಅಂಗಡಿ. ಬಿಲ್ ಮಾಡಲೆಂದು ತಂದ ಕಂಪ್ಯೂಟರ್ ಮನೆಯ ಚಾವಡಿಯಲ್ಲಿದೆ. ವೈರಸ್ ಎಂದರೆ ನನಗೆ ಮೊದಲಿನಿಂದಲೂ ಪುಕುಪುಕು. ಆ ಹೆದರಿಕೆಗೇ ಇವತ್ತಿಗೂ ಗುಂಡಿ ಒತ್ತುವ ಮೊಬೈಲಿನಲ್ಲಿದ್ದೇನೆ. ಇದನ್ನು ತಿಳಿದ ಬ್ರಹ್ಮಾವರದ ಭಾವ, ಅಂದರೆ ಹೆಂಡತಿ ಸುಮತಿಯ ಅಣ್ಣ, ಚೌತಿಗೆ ಬಂದಾಗ ಪ್ರೀತಿಯಿಂದ ಒಂದು ಆಂಟಿವೈರಸ್ ಹಾಕಿಕೊಟ್ಟ. ದೀಪಾವಳಿಗೆ ಬೈಂದೂರಿನಿಂದ ಬಂದ ನನ್ನ ಅಕ್ಕನ ಮಗ ಅದನ್ನು ಕಂಡು ಮೂಗು ಮುರಿದ.

"ಮಾವ, ಇದ್ ಎಂತಕೂ ಆಗ. ನಾನ್ ಲಾಯ್ಕದ್ ಹಾಕ್ತೆ, ಕಾಣಿ" ಎಂದು ಇನ್ನೊಂದನ್ನು ಹಾಕಿದ.

ಒಂದು ಕಂಪ್ಯೂಟರಿಗೆ ಒಂದೇ ಸಾಕು ಎಂದು ಯಾರೋ ಹೇಳಿದರು. ಆದರೆ ತೆಗೆಯುವುದು ಯಾವುದನ್ನು ಸ್ವಾಮಿ? ಬೈಂದೂರಿನದ್ದನ್ನು ತೆಗೆದರೆ ಅಕ್ಕ, "ಹೆಂಡ್ತಿ ಮನಿಯವ್ರ್ ಕೊಟ್ಟದ್ ಆತ್ತ್, ನನ್ ಮಗ ಕೊಟ್ಟದ್ ಆಗ ಅಲ್ದಾ?" ಎಂದು ನಮ್ಮ ಹೊಸ್ತಿಲು ತುಳಿಯುವುದನ್ನೇ ಬಿಡುತ್ತಾಳೆ. ಬ್ರಹ್ಮಾವರದ್ದನ್ನು ತೆಗೆದರೆ ನನ್ನ ತಟ್ಟೆಗೆ ಮೀನುಸಾರು ಬೀಳುವುದು ನಿಲ್ಲುತ್ತದೆ. ನಮ್ಮ ಕಡೆ ಮದುವೆಯಲ್ಲಿ ಎರಡೂ ಕಡೆಯವರಿಗೆ ಎದುರಿನ ಸಾಲಿನಲ್ಲೇ ಕುರ್ಚಿ ಹಾಕುವುದಿಲ್ಲವೇ? ಹಾಗೆ ಎರಡನ್ನೂ ಉಳಿಸಿಕೊಂಡೆ. ನನ್ನ ರಾಜತಾಂತ್ರಿಕ ಜೀವನದ ಅತ್ಯುನ್ನತ ನಿರ್ಧಾರ ಅದು!

ಕಂಪ್ಯೂಟರಿನೊಳಗೆ ಈ ಬೀಗರಿಬ್ಬರೂ ಮೊದಲ ದಿನವೇ ಜಗಳಕ್ಕೆ ನಿಂತರು. "ಅಪಾಯಕಾರಿ ವಸ್ತುವೊಂದು ಪತ್ತೆಯಾಗಿದೆ" ಎಂದು ಬ್ರಹ್ಮಾವರ ಕೂಗುತ್ತಿತ್ತು. ಯಾವುದೆಂದು ನೋಡಿದರೆ ಬೈಂದೂರು! ಬೈಂದೂರು ಸುಮ್ಮನಿದ್ದೀತೇ? ಅದರ ಲೆಕ್ಕದಲ್ಲಿ ಬ್ರಹ್ಮಾವರವೇ ಕಳ್ಳ. ನಾನು ಸ್ವಿಚ್ ಒತ್ತಿ, ಗಂಜಿ ಉಂಡು, ಪೇಪರ್ ಓದಿ, ಒಂದು ನಿದ್ದೆ ತೆಗೆದು ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ಭದ್ರತೆ ಎಂದರೆ ಸ್ವಲ್ಪ ನಿಧಾನ ಇದ್ದೇ ಇರುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಹೀಗಿರುವಾಗ ಮುಂಬೈಯಲ್ಲಿರುವ ನಮ್ಮೂರ ಹೆಂಗಸರ ಸಂಘವೊಂದು ಆನ್‌ಲೈನಿನಲ್ಲಿ ಹಳೆ ತಿಂಡಿಗಳ ಸ್ಪರ್ಧೆ ಇಟ್ಟಿತು. ಸುಮತಿ ಹಾಲ್ಬಾಯಿಗೆ ಹೆಸರು ಕೊಟ್ಟಳು. ಅಕ್ಕಿ, ತೆಂಗಿನಕಾಯಿ ರುಬ್ಬಿ ಹಾಲು ಹಿಂಡಿ, ಬೆಲ್ಲ ಹಾಕಿ, ಕೈ ಬಿಡದೆ ಮಗುಚಿ, ತಳ ಬಿಟ್ಟ ಕೂಡಲೇ ತಟ್ಟೆಗೆ ಸುರಿಯುವ ತಿಂಡಿ ಅದು. ಕಡೆಯ ಹಂತ ಕ್ಯಾಮೆರಾದ ಎದುರೇ ಆಗಬೇಕೆಂದು ನಿಯಮ.

"ಇಷ್ಟ್ ವರ್ಷ ಊರಿಗೆಲ್ಲ ಹಾಲ್ಬಾಯಿ ಮಾಡಿ ಹಂಚ್ದೆ. ನನ್ ಹೆಸ್ರ್ ಒಂದ್ ಸಲ ಮೈಕಂಗೆ ಕೇಂಡ್ರೆ ಸಾಕ್" ಎಂದಳು. ಕೇಳಿಸಿಯೇ ಬಿಡೋಣ ಎಂದು ನಾನೂ ಸೊಂಟ ಕಟ್ಟಿದೆ.

ಅವಳ ಮೊಬೈಲ್ ಹಿಂದಿನ ವಾರವಷ್ಟೇ ಬಾವಿಗೆ ಬಿದ್ದಿತ್ತು. ಪಕ್ಕದ ಮನೆಯ ಗಿರಿಜಕ್ಕ, "ನನ್ ಮೊಬೈಲ್ ಕೊಡ್ತೆ" ಎಂದರು. ನಾನು ಕೈಯೆತ್ತಿ ತಡೆದೆ. "ಬ್ಯಾಡ ಗಿರಿಜಕ್ಕ, ಅದ್ರಂಗೆ ವೈರಸ್ ಇದ್ರೆ? ನಮ್ ಕಂಪ್ಯೂಟರಿಗೆ ಎರಡೆರಡ್ ಕಾವಲ್ ಇತ್ತ್!"

ಭಾನುವಾರ ಕಂಪ್ಯೂಟರನ್ನು ಹೊತ್ತು ಅಡುಗೆಮನೆಗೆ ತಂದೆ. ಸುಮತಿ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಬಾಣಲೆಯ ಮುಂದೆ ನಿಂತಳು. ಹಾಲ್ಬಾಯಿ ಕುದಿಯತೊಡಗಿತು. ಸಂಘದವರು ಕಳಿಸಿದ ಕೊಂಡಿಯನ್ನು ಒತ್ತಿದೆ.

"ಈ ಕೊಂಡಿ ಸುರಕ್ಷಿತವೇ ಎಂದು ಪರೀಕ್ಷಿಸಲಾಗುತ್ತಿದೆ" ಎಂದಿತು ಬ್ರಹ್ಮಾವರ. ಪರೀಕ್ಷಿಸಿತು, ಪರೀಕ್ಷಿಸಿತು, ಅಂತೂ ಬಿಟ್ಟಿತು. ಆಗ ಬೈಂದೂರು ಎದ್ದು ನಿಂತಿತು. "ಅಪರಿಚಿತರೊಬ್ಬರು ನಿಮ್ಮ ಕ್ಯಾಮೆರಾ ಬಳಸಲು ಯತ್ನಿಸುತ್ತಿದ್ದಾರೆ. ತಡೆಯಲಾಗಿದೆ."

"ಅಪರಿಚಿತರ್ ಅಲ್ಲ ಮರಾಯ, ನನ್ ಹೆಂಡ್ತಿ!" ಎಂದು ಪರದೆಗೇ ಕಿರುಚಿದೆ.

"ಹ್ವಾಯ್, ಎಂತ ಆಯ್ತ್? ಇದ್ ದಪ್ಪ ಆತಾ ಇತ್ತ್!" ಸುಮತಿ ಮಗುಚುತ್ತಲೇ ಕೂಗಿದಳು.

"ಒಂದ್ ನಿಮಿಷ!" ಎಂದು ಸಿಟ್ಟಿನಲ್ಲಿ ಎದುರು ಕಂಡ ಹಸಿರು ಗುಂಡಿಯನ್ನು ಒತ್ತಿಬಿಟ್ಟೆ. "ಸಂಪೂರ್ಣ ತಪಾಸಣೆ ಆರಂಭವಾಗಿದೆ" ಎಂದಿತು ಬ್ರಹ್ಮಾವರ. ತಾನೇನು ಕಡಿಮೆ ಎಂದು ಬೈಂದೂರೂ ಆರಂಭಿಸಿತು! ಇಬ್ಬರೂ ಸೇರಿ ನನ್ನ ಬಲೆ ಅಂಗಡಿಯ ಒಂದೊಂದು ಬಿಲ್ಲನ್ನೂ ಮೂಸಿ ನೋಡತೊಡಗಿದರು. ಮೌಸ್ ಅಲುಗಾಡಿಸಿದರೆ ಬಾಣ ಕದಲುವುದಿಲ್ಲ. ಶೇಕಡಾ ಎರಡು. ಶೇಕಡಾ ಮೂರು. ಬೆವರು ಇಳಿದು ಕೀಬೋರ್ಡಿಗೆ ತೊಟ್ಟಿಕ್ಕಿತು.

"ತಳ ಬಿಡುಕ್ ಶುರು ಆಯ್ತ್! ಇನ್ನ್ ನಿಲ್ಲುದಿಲ್ಲೆ ಇದ್!" ಸುಮತಿಯ ದನಿ ಅಳುವಿನ ಹತ್ತಿರ ಬಂದಿತ್ತು. ಮರುಕ್ಷಣ ಸಟ್ಟುಗವನ್ನು ನನ್ನ ಕೈಗೆ ತುರುಕಿದಳು. "ಹಿಡ್ಕಣಿ! ಕೈ ಬಿಡುಕಾಗ. ತಳ ಬಿಟ್ಟ್ ಕೂಡ್ಲೆ ಒಲಿ ಆರ್ಸಿ, ತಟ್ಟಿಗ್ ಹಾಕಿ!" ಎಂದವಳೇ ಸೀರೆ ಎತ್ತಿಕಟ್ಟಿ ಗಿರಿಜಕ್ಕನ ಮನೆಗೆ ಓಡಿದಳು.

ನಾನು ಮಗುಚಿದೆ. ಶ್ರದ್ಧೆಯಿಂದ ಮಗುಚಿದೆ. ಆದರೆ ಕಣ್ಣು ಮಾತ್ರ ಪರದೆಯ ಮೇಲೆ. ಏನು ಮಾಯವೋ, ಅಷ್ಟರವರೆಗೆ ತೆವಳುತ್ತಿದ್ದ ಬ್ರಹ್ಮಾವರ ದಡದಡ ಓಡತೊಡಗಿತು. ಎಪ್ಪತ್ತು! ತೊಂಬತ್ತು! ತೊಂಬತ್ತೊಂಬತ್ತು! "ಬಾ ಮರಾಯ, ಇನ್ನೊಂದೇ ಇಪ್ಪುದ್!" ಎಂದು ಹುರಿದುಂಬಿಸಿದೆ. ಅದು ಅಲ್ಲೇ ನಿಂತಿತು. ನಾನೂ ಬಾಯಿ ತೆರೆದು ನಿಂತೆ. ಒಲೆಯ ನೆನಪೇ ಇರಲಿಲ್ಲ. ಸಟ್ಟುಗ ತಿರುಗುತ್ತಿಲ್ಲ ಎಂದು ಗೊತ್ತಾದಾಗ ಎರಡೂ ಕೈಯಲ್ಲಿ ಹಿಡಿದು, ಕಾಲನ್ನು ಗೋಡೆಗೆ ಕೊಟ್ಟು, ದೋಣಿಗೆ ಹುಟ್ಟು ಹಾಕುವಂತೆ ಎಳೆಯತೊಡಗಿದೆ.

ಸರಿಯಾಗಿ ಆಗಲೇ ಸುಮತಿ ಮೊಬೈಲ್ ಹಿಡಿದು ಒಳಗೆ ಬಂದಳು. ಮುಂಬೈಯ ಹೆಂಗಸರೆಲ್ಲ ಅದರೊಳಗಿದ್ದರು. ನೇರಪ್ರಸಾರ! ಅವಳು ಬಾಣಲೆಯಲ್ಲಿ ಕಲ್ಲಾದ ಹಾಲ್ಬಾಯಿ ನೋಡಿದಳು. ಮುಖ ಸಪ್ಪಗಾಯಿತು. ಒಲೆ ಆರಿಸಿ, ತುಟಿ ಕಚ್ಚಿ ನಿಂತಳು.

ತೀರ್ಪುಗಾರ್ತಿ, ಮುಂಬೈಯಲ್ಲೇ ಹಣ್ಣಾದ ಹಿರಿಯಜ್ಜಿ, ಕನ್ನಡಕ ಸರಿಮಾಡಿ ಕೇಳಿದರು. "ಹಾಲ್ಬಾಯಿ ಇರ್ಲಿ. ಮಗ್ಚ್ತಿಪ್ಪುದ್ ಯಾರ್? ಅಡ್ಗಿ ಭಟ್ರಾ?"

"ಅಲ್ಲ. ನಮ್ಮನಿಯವ್ರ್" ಎಂದಳು ಸುಮತಿ, ನೆಲ ನೋಡುತ್ತ.

ಮುಂಬೈಯ ಹೆಂಗಸರೆಲ್ಲ ಪರದೆಯ ಹತ್ತಿರ ಬಗ್ಗಿ ನೋಡಿದರು. ಆಮೇಲೆ ಚಪ್ಪಾಳೆಯೋ ಚಪ್ಪಾಳೆ! "ಗಂಡ್ಸ್ರ್ ಹಾಲ್ಬಾಯಿ ಮಗ್ಚುದ್ ನಾನ್ ನನ್ ಜನ್ಮದಂಗೆ ಕಂಡಿಲ್ಲೆ" ಎಂದರು ಅಜ್ಜಿ. ಕಡೆಗೆ ಮೈಕಿನಲ್ಲಿ ಘೋಷಣೆಯಾಯಿತು: "ಗಂಡನ ಕೈಗೆ ಸಟ್ಟುಗ ಹಿಡಿಸಿದ್ದಕ್ಕೆ ವಿಶೇಷ ಬಹುಮಾನ, ಕೋಡಿಯ ಸುಮತಿಯವರಿಗೆ!"

ಸುಮತಿ ಸೆರಗಿನಿಂದ ಕಣ್ಣು ಒರೆಸಿಕೊಂಡು ನಕ್ಕಳು. ನನಗೂ ಒಳಗೊಳಗೇ ಹೆಮ್ಮೆ. ಎಷ್ಟೆಂದರೂ ಇದರಲ್ಲಿ ನನ್ನ ಪಾಲೂ ಇದೆಯಲ್ಲ?

"ನನ್ ಹೆಸ್ರ್ ಹೇಳ್ಲೇ ಇಲ್ಯಲೆ?" ಎಂದೆ.

"ನಿಮ್ ಹೆಸ್ರ್ ಎಂತಕೆ? ಸಟ್ಟುಗದ್ ಹೆಸ್ರ್ ಯಾರಾರೂ ಮೈಕಂಗೆ ಹೇಳ್ತ್ರಾ?"

ನಾನು ಮತ್ತೆ ಕಾಲನ್ನು ಗೋಡೆಗೆ ಕೊಟ್ಟೆ. ಬಾಣಲೆಯಿಂದ ಸಟ್ಟುಗ ಇನ್ನೂ ಕಿತ್ತು ಬಂದಿರಲಿಲ್ಲ.