ಮೊದಲ ಚಹಾ ಯಾರಿಗೆ?

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಕಥೆ ಹೇಳಲು ಬರುವುದಿಲ್ಲ. ಇಪ್ಪತ್ತು ಸಾಲಿನ ಅರ್ಜಿ, ಅದರ ಕೆಳಗೆ ‘ಆದ್ದರಿಂದ ಪ್ರಾರ್ಥನೆ’, ಇಷ್ಟೇ ನಾನು ಈವರೆಗೆ ಬರೆದದ್ದು. ವಕೀಲರ ಸಂಘದ ಸಂಚಿಕೆಗೆ ನಗು ಬರುವಂಥದ್ದು ಏನಾದರೂ ಬರೆಯಿರಿ ಎಂದರು. ನಮ್ಮ ಕಡೆ ಕೋರ್ಟಿನ ಆವರಣದಲ್ಲಿ ಇಂಥವು ದಿನಕ್ಕೊಂದು ಆಗುತ್ತಲೇ ಇರುತ್ತವೆ. ಆದರೆ ಆಗುವಾಗ ಬಂದ ನಗು ಬರೆಯಲು ಕುಳಿತಾಗ ಎಲ್ಲಿಗೋ ಹೋಗಿಬಿಡುತ್ತದೆ. ಹೋದರೆ ತಪ್ಪು ನನ್ನದು.

ಎಲ್ಲರಿಗೂ ತಿಳಿಯಲೆಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನು ಬೈಲಹೊಂಗಲದವನು. ಕಾನೂನು ಓದಿ ಮುಗಿಸಿ ಅಲ್ಲಿಯೇ ಒಬ್ಬ ಹಿರಿಯ ವಕೀಲರ ಕೈಕೆಳಗೆ ಜೂನಿಯರ್ ಆಗಿದ್ದೆ. ನನ್ನ ಜೊತೆ ಓದಿದ ಒಬ್ಬಳು ರಾಮದುರ್ಗದಲ್ಲಿ ಜೂನಿಯರ್ ಆಗಿದ್ದಳು. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷ ಆಗಿರಬೇಕು, ಮುಂಬೈಯ ಒಂದು ದೊಡ್ಡ ವಕೀಲರ ಕಂಪನಿಗೆ ನಾವಿಬ್ಬರೂ ಅರ್ಜಿ ಹಾಕಿದೆವು. ಇಬ್ಬರಿಗೂ ಕರೆ ಬಂತು. ನನಗೆ ನೌಕರಿ ಬೇಕಾಗಿತ್ತು, ಅದು ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ ಆಕೆಗೆ ಒಂದು ಮಾತು ಹೇಳಬೇಕಾಗಿತ್ತು. ಯಾವ ಮಾತು ಎಂದು ಓದುಗರಿಗೆ ಹೇಳಬೇಕಿಲ್ಲ ಅಂದುಕೊಂಡಿದ್ದೇನೆ. ಬೇಕಾದರೆ ಹೇಳುತ್ತೇನೆ: ಮದುವೆಯ ಮಾತು.

ಪತ್ರ

ಪತ್ರವನ್ನು ನಮ್ಮ ಹಿರಿಯರಿಗೆ ತೋರಿಸಿದೆ. ಅದರಲ್ಲಿ ಹೀಗಿತ್ತು: ಬೆಳಿಗ್ಗೆ ಆರು ಜನರ ಗುಂಪು ಮಾಡಿ ಒಂದು ಮೇಜಿನ ಸುತ್ತ ಕೂರಿಸುತ್ತಾರೆ. ಒಂದು ವ್ಯವಹಾರದ ಕಾಗದ ಕೊಡುತ್ತಾರೆ. ಆರೂ ಜನ ಇಪ್ಪತ್ತು ನಿಮಿಷ ಮಾತಾಡಿ ಒಂದು ತೀರ್ಮಾನಕ್ಕೆ ಬರಬೇಕು. ಮೂಲೆಯಲ್ಲಿ ಇಬ್ಬರು ಕುಳಿತು, ಯಾರು ಹೇಗೆ ಮಾತಾಡಿದರು ಎಂದು ನೋಡಿ ಅಂಕ ಹಾಕುತ್ತಾರೆ. ಮಧ್ಯಾಹ್ನ ಸಂದರ್ಶನ.

ಹಿರಿಯರು ಪತ್ರವನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು ಮೂರನೆಯ ಸಲ ಓದಿದರು.

“ಆರು ಮಂದಿ ಕುಂತು ಮಾತಾಡೂದು, ಇಬ್ಬರು ಮೂಲ್ಯಾಗ ಕುಂತು ನೋಡೂದು. ಇಷ್ಟಕ್ಕ ನೌಕರಿ ಕೊಡತಾರಂದ್ರ ನಮ್ಮ ಬಾರ್ ರೂಮ್ ಇಷ್ಟೊತ್ತಿಗೆ ಖಾಲಿ ಆಗಬೇಕಿತ್ತಲ್ಲೋ.”

ಆರು ಜನ

ತಯಾರಿಗೆ ಆರು ಜನ ಬೇಕು. ನಾವು ಇಬ್ಬರು. ಬೈಲಹೊಂಗಲಕ್ಕೂ ರಾಮದುರ್ಗಕ್ಕೂ ನಡುವೆ ಸವದತ್ತಿ, ಆದ್ದರಿಂದ ಐತವಾರಕ್ಕೊಮ್ಮೆ, ಅಂದರೆ ರಜೆಯ ಭಾನುವಾರ, ಅಲ್ಲಿ ಸೇರುವುದೆಂದು ನಿಶ್ಚಯವಾಯಿತು. ಜಾಗ ಕೊಟ್ಟವರು ತಹಶೀಲ್ದಾರ ಕಚೇರಿಯ ಎದುರಿನ ಸ್ಟ್ಯಾಂಪ್ ವೆಂಡರ್ ಚಾಚಾ. ಬಾಂಡ್ ಕಾಗದ ಮಾರುವುದು, ಅದರ ಮೇಲೆ ಟೈಪ್ ಮಾಡಿಕೊಡುವುದು ಅವರ ಕೆಲಸ. ಅವರೊಬ್ಬರು, ಅವರ ಟೈಪಿಸ್ಟ್ ಒಬ್ಬ, ಪಕ್ಕದ ಮನೆಯ ಟೆಂಪೋ ಡ್ರೈವರ್ ಒಬ್ಬ, ನಿವೃತ್ತ ಜವಾನರೊಬ್ಬರು. ಆರಾಯಿತು.

ಚಾಚಾನ ಬಗ್ಗೆ ಇನ್ನೂ ಒಂದು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮೂವತ್ತು ವರ್ಷದಿಂದ ಅಣ್ಣತಮ್ಮಂದಿರ ಹಿಸ್ಸೆ, ಬದುವಿನ ಜಗಳ, ಎಲ್ಲ ರಾಜಿಗಳೂ ಅವರ ಅಂಗಡಿಯ ಬೆಂಚಿನ ಮೇಲೆಯೇ ಆಗುತ್ತಿದ್ದವು. ಅಲ್ಲಿ ಎರಡು ನಿಯಮ. ಒಂದು, ಎರಡೂ ಕಡೆಯವರ ಮಾತು ಮುಗಿಯುವವರೆಗೆ ರಾಜಿ ಮಾಡಿಸುವ ಹಿರಿಯರು ಬಾಯಿ ಬಿಡಬಾರದು. ಎರಡು, ರಾಜಿ ಆದ ಮೇಲೆ ಯಾರು ಹೆಚ್ಚು ಬಿಟ್ಟುಕೊಟ್ಟರೋ ಅವರಿಗೆ ಮೊದಲ ಚಹಾ. ಬಿಸಿ ಚಹಾ ಬಾಯಲ್ಲಿದ್ದಾಗ ಮನುಷ್ಯ ಸಿಟ್ಟಿನಿಂದ ಎದ್ದು ಹೋಗಲಾರ ಎನ್ನುವುದು ಚಾಚಾನ ಅನುಭವ.

ಮೊದಲ ಐತವಾರ ಗಡಿಯಾರ ಇಟ್ಟು ಸುರು ಮಾಡಿದೆವು. ಚಾಚಾ ಹಿರಿಯರು, ನಿಯಮದಂತೆ ಸುಮ್ಮನೆ ಕುಳಿತರು. ಚಾಚಾ ಮಾತಾಡದೆ ತಾನು ಹೇಗೆ ಮಾತಾಡುವುದೆಂದು ಜವಾನರು ಸುಮ್ಮನಿದ್ದರು. ಜವಾನರು ವಯಸ್ಸಿನಲ್ಲಿ ದೊಡ್ಡವರೆಂದು ಡ್ರೈವರ್, ಮಾಲಕರ ಎದುರು ಏಕೆಂದು ಟೈಪಿಸ್ಟ್. ಆಕೆ ಮಾತಾಡಲೆಂದು ನಾನು ಕಾದೆ. ನಾನು ಮಾತಾಡಲೆಂದು ಆಕೆ ಕಾದಳು. ಹೊರಗೆ ಮುನವಳ್ಳಿಯ ಬಸ್ಸು ಬಂದು ಹೋಯಿತು. ಇಪ್ಪತ್ತು ನಿಮಿಷ ಆಗಿ ಅಲಾರಂ ಹೊಡೆಯಿತು.

ಚಾಚಾ ಸಮಾಧಾನದಿಂದ ಗಡ್ಡ ಸವರಿಕೊಂಡರು. “ಬೇಷ್. ಇಷ್ಟು ಶಾಂತ ರಾಜಿ ಈ ಬೆಂಚಿನ ಮ್ಯಾಲ ಎಂದೂ ಆಗಿದ್ದಿಲ್ಲ.”

ಚಿಮಣಿ

ಮೂರನೆಯ ಐತವಾರದ ಹೊತ್ತಿಗೆ ಎಲ್ಲರಿಗೂ ಬಾಯಿ ಬಂದಿತ್ತು. ಆ ದಿನದ ವಿಷಯ ಆಕೆ ಬರೆದು ತಂದದ್ದು: ಒಂದು ಕಂಪನಿ ಇನ್ನೊಂದರ ಎಣ್ಣೆ ಕಾರ್ಖಾನೆಯನ್ನು ಕೊಳ್ಳಬೇಕು. ಕಂಪನಿಯೂ ಸುಳ್ಳು, ಕಾರ್ಖಾನೆಯೂ ಸುಳ್ಳು, ತಯಾರಿಗೆಂದು ಕಲ್ಪಿಸಿದ್ದು. ನಾವು ಚೆನ್ನಾಗಿ ವಾದ ಮಾಡಿ ಹದಿನೆಂಟು ನಿಮಿಷದಲ್ಲಿ ಒಪ್ಪಂದಕ್ಕೆ ಬಂದೆವು. ಟೈಪಿಸ್ಟ್ ರೂಢಿಯ ಪ್ರಕಾರ ಅದನ್ನು ಹಸಿರು ಕಾಗದದ ಮೇಲೆ ಟೈಪ್ ಮಾಡಿದ. ಮಾಡುತ್ತ ಮಾಡುತ್ತ ಕೈ ನಿಲ್ಲಿಸಿ ಚಕ್ಕುಬಂದಿ ಕೇಳಿದ. ಚಕ್ಕುಬಂದಿ ಎಂದರೆ ಆಸ್ತಿಯ ನಾಲ್ಕೂ ದಿಕ್ಕಿಗೆ ಏನೇನಿದೆ ಎನ್ನುವ ವಿವರ. ಅದಿಲ್ಲದೆ ಅವನ ಬೆರಳು ಮುಂದೆ ಓಡುವುದಿಲ್ಲ. ಇಲ್ಲದ ಕಾರ್ಖಾನೆಗೆ ಎಲ್ಲಿಯ ಚಕ್ಕುಬಂದಿ? ಚಾಚಾ ಹೊರಗೆ ನೋಡಿ ಹೇಳಿದರು: ಪೂರ್ವಕ್ಕೆ ನಮ್ಮ ಅಂಗಡಿ, ಪಶ್ಚಿಮಕ್ಕೆ ಡ್ರೈವರನ ಮನೆ, ಉತ್ತರಕ್ಕೆ ಸರಕಾರಿ ರಸ್ತೆ, ದಕ್ಷಿಣಕ್ಕೆ ಬಯಲು. ಎಲ್ಲರೂ ಸಹಿ ಹಾಕಿದೆವು. ಡ್ರೈವರ್ ತನ್ನ ಪ್ರತಿಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋದ.

ಮುಂದಿನ ಐತವಾರ ನಾವು ಬರುವ ಮೊದಲೇ ಡ್ರೈವರನ ಹೆಂಡತಿ ಬೆಂಚಿನ ಮೇಲೆ ಕುಳಿತಿದ್ದಳು. ಅಂಗಿ ಒಗೆಯುವಾಗ ಕಾಗದ ಸಿಕ್ಕಿತ್ತಂತೆ, ಮಗಳ ಕೈಯಲ್ಲಿ ಓದಿಸಿದ್ದಳಂತೆ. ತನ್ನ ಮನೆಯ ಗೋಡೆಗೆ ಹತ್ತಿಕೊಂಡು ಕಾರ್ಖಾನೆ ಬಂದರೆ ಮಾಳಿಗೆಯ ಮೇಲೆ ಒಣಹಾಕಿದ ಹಪ್ಪಳಕ್ಕೆ ಹೊಗೆ ಹಿಡಿಯುವುದಿಲ್ಲವೆ, ಯಾರನ್ನು ಕೇಳಿ ಗಂಡ ಸಹಿ ಹಾಕಿದ, ಎಂದು ಆಕೆಯ ತಕರಾರು. ಅದು ಬರೀ ಪರೀಕ್ಷೆಯ ಕಾಗದ ಎಂದು ನಾನು ಅರ್ಧ ತಾಸು ಬಿಡಿಸಿ ಹೇಳಿದೆ. ನಾನು ಹೇಳಿದಷ್ಟೂ ಆಕೆಯ ಸಂಶಯ ಹೆಚ್ಚಾಯಿತು. ಇಷ್ಟು ಉದ್ದ ಹೇಳುತ್ತಾನೆಂದರೆ ಒಳಗೆ ಏನೋ ಇದೆ ಎಂದಳು.

ಕೊನೆಗೆ ರಾಮದುರ್ಗದವಳು ನನ್ನ ತೋಳು ಮುಟ್ಟಿ ಸುಮ್ಮನಾಗಿಸಿ ಮುಂದೆ ಬಂದಳು. “ಅಕ್ಕಾರ, ಚಿಮಣಿ ಬಯಲ ಕಡೆ ತಿರುಗಿಸಿದ್ರ ನಡೀತದೇನ್ರಿ?”

ನಡೆಯುತ್ತದೆ ಎಂದಳು ಡ್ರೈವರನ ಹೆಂಡತಿ. ಅದನ್ನೂ ಟೈಪ್ ಮಾಡಿಸಿ ಸಹಿ ಹಾಕಿ ಕೊಟ್ಟೆವು. ಬಿಟ್ಟುಕೊಟ್ಟವಳು ಆಕೆಯೇ ಎಂದು ಚಾಚಾ ಮೊದಲ ಚಹಾ ಆಕೆಗೇ ಕೊಟ್ಟರು. ಆಕೆ ಕುಡಿದು, ಬಟ್ಟಲು ಕೆಳಗಿಟ್ಟು, ತಮ್ಮನಿಗೆ ಕಾರ್ಖಾನೆಯಲ್ಲಿ ವಾಚಮನ್ ಕೆಲಸ ಕೇಳಿ ಹೋದಳು.

(ತೋಳು ಮುಟ್ಟಿದ್ದನ್ನು ಬರೆಯುವ ಅವಶ್ಯಕತೆ ಇರಲಿಲ್ಲ. ಆದರೆ ಬರೆದಾಗಿದೆ, ಇರಲಿ.)

ಕಿತ್ತೂರಿನ ಸಂದರ್ಶನ

ಗುಂಪಿನದಾಯಿತು, ಇನ್ನು ಸಂದರ್ಶನ. ಕಿತ್ತೂರಿನಲ್ಲಿ ನನಗೆ ಗುರುತಿನ ನಿವೃತ್ತ ಹೆಡ್‌ಮಾಸ್ತರರು ಒಬ್ಬರಿದ್ದರು. ಅವರ ಇಂಗ್ಲಿಷ್ ಬಹಳ ಗಟ್ಟಿ. ಒಂದು ದಿನ ಇಬ್ಬರೂ ಅವರ ಮನೆಗೆ ಹೋದೆವು. ಬರುವುದನ್ನು ಫೋನಿನಲ್ಲಿ ಹೇಳಿದ್ದೆ, ಏಕೆ ಬರುತ್ತೇವೆಂದು ಅವರು ಮನೆಯಲ್ಲಿ ಹೇಳಿರಲಿಲ್ಲ.

ಮಾಸ್ತರರು ಇಬ್ಬರನ್ನೂ ಒಂದೇ ಸೋಫಾದ ಮೇಲೆ ಕೂರಿಸಿದರು. ನಿನ್ನ ಬಗ್ಗೆ ಹೇಳು ಎನ್ನುವುದು ಮೊದಲ ಪ್ರಶ್ನೆ. ನಾನು ಇಂಗ್ಲಿಷಿನಲ್ಲಿ ಹೆಸರು, ಊರು ಹೇಳಿದೆ. ಯಾರ ಪೈಕಿ ಎಂದರು. ಅಜ್ಜನ ಹೆಸರು ಹೇಳಿದೆ. ಅಜ್ಜನ ತಮ್ಮ ಮಾಸ್ತರರ ಜೊತೆ ಓದಿದವನು ಎಂದು ತಿಳಿಯಿತು. ಅಲ್ಲಿಂದ ಇಂಗ್ಲಿಷ್ ನಿಂತುಹೋಯಿತು. ಆಕೆಗೂ ಹಾಗೆಯೇ ಕೇಳಿದರು. ಅಡುಗೆ ಏನೇನು ಬರುತ್ತದೆ ಎಂದು ಕೇಳಲಿಲ್ಲ, ಅಷ್ಟೇ. ಐದು ವರ್ಷದ ನಂತರ ನೀನು ಎಲ್ಲಿರುತ್ತೀ ಎಂದು ಕೊನೆಯ ಪ್ರಶ್ನೆ. ಆಕೆ ತಲೆ ತಗ್ಗಿಸಿ ಯೋಚಿಸುತ್ತಿದ್ದಳು.

ಅಷ್ಟರಲ್ಲಿ ಒಳಗಿನಿಂದ ಮಾಸ್ತರರ ಹೆಂಡತಿ ಒಗ್ಗರಣೆ ಅವಲಕ್ಕಿ, ಚಹಾ ತಂದರು. ಹಿಂದೆಯೇ ಕುಂಕುಮದ ಭರಣಿ, ಮಲ್ಲಿಗೆ ದಂಡೆ. ಆಕೆಯ ಗದ್ದ ಹಿಡಿದು ಮುಖ ನೋಡಿದರು. “ಜೋಡಿ ಚಲೋ ಐತಿ. ಹುಡುಗ ಸ್ವಲ್ಪ ಮಾತು ಹೆಚ್ಚು. ಇರವಲ್ಲದ್ಯಾಕ, ಹುಡುಗಿ ಶಾಣ್ಯಾ ಅದಾಳ.”

ಆಕೆ ಬಗ್ಗಿ ಹೂ ಮುಡಿಸಿಕೊಂಡಳು. ನಾನು ಅವಲಕ್ಕಿ ತಿಂದೆ. ಬೈಲಹೊಂಗಲದವರೆಗೆ ಬಸ್ಸಿನಲ್ಲಿ ಇಬ್ಬರೂ ಕಿಟಕಿ ನೋಡಿದೆವು. ಕಿಟಕಿ ಇದ್ದದ್ದು ಆಕೆಯ ಕಡೆ ಮಾತ್ರ. ಇಳಿಯುವಾಗ ಆಕೆ ಕೇಳಿದಳು, “ಅಜ್ಜಿಗೆ ನಿಜ ಯಾಕ ಹೇಳಲಿಲ್ರಿ ನೀವು?”

“ನೀವೂ ಹೇಳಲಿಲ್ಲಲ್ಲ?”

“ನೀವು ಹೇಳತೀರಿ ಅಂತ ಕುಂತಿದ್ದೆ” ಎಂದು ರಾಮದುರ್ಗದ ಬಸ್ಸು ಹತ್ತಿದಳು. ಮೊದಲ ಐತವಾರದ ಅಲಾರಂ ಇನ್ನೂ ಹೊಡೆದೇ ಇರಲಿಲ್ಲ ಅನ್ನಿಸಿತು ನನಗೆ.

ನೀರಿನ ಗ್ಲಾಸು

ಮುಂಬೈಯಲ್ಲಿ ನಾವಿಬ್ಬರೂ ಒಂದೇ ಗುಂಪಿಗೆ ಬಿದ್ದೆವು. ಮೇಜು ಎಷ್ಟು ನುಣುಪಾಗಿತ್ತೆಂದರೆ ಅದರಲ್ಲಿ ನನ್ನ ಟೈಯ ಗಂಟು ಸೊಟ್ಟಗಿರುವುದು ಕಾಣುತ್ತಿತ್ತು. ಉಳಿದ ನಾಲ್ವರು ಯಾರ ಮಾತೂ ಮುಗಿಯಲು ಬಿಡುತ್ತಿರಲಿಲ್ಲ. ಅವರಲ್ಲಿ ಒಬ್ಬ ಹುಡುಗ ಒಂದು ಸಲಹೆ ಕೊಟ್ಟ, ಮೂವರೂ ಸೇರಿ ಅದನ್ನು ಕಿತ್ತು ಹಾಕಿದರು. ಅವನ ಕಿವಿ ಕೆಂಪಗಾಯಿತು. ನನ್ನ ಕೈ ನನ್ನನ್ನು ಕೇಳದೆಯೇ ಹೂಜಿ ಎತ್ತಿ, ಗ್ಲಾಸಿಗೆ ನೀರು ಬಗ್ಗಿಸಿ ಅವನ ಮುಂದೆ ಸರಿಸಿತು. ಅವನಿಗೆ ಕೊಟ್ಟ ಮೇಲೆ ಉಳಿದವರಿಗೆ ಕೊಡದಿದ್ದರೆ ಹೇಗೆ? ಎಲ್ಲರಿಗೂ ಬಗ್ಗಿಸಿದೆ. ಅಷ್ಟರಲ್ಲಿ ಆಕೆ ನಾಲ್ಕೇ ವಾಕ್ಯದಲ್ಲಿ ಎಲ್ಲರನ್ನೂ ಒಪ್ಪಿಸಿಬಿಟ್ಟಳು. ಚಿಮಣಿ ತಿರುಗಿಸಿದ್ದು ಹೀಗೆಯೇ.

ಸಂದರ್ಶನದಲ್ಲಿ ನನಗೆ ಕೇಳಿದ್ದು ಒಂದೇ ಪ್ರಶ್ನೆ: ನೀರು ಏಕೆ ಬಗ್ಗಿಸಿದಿರಿ? ತಿಳಿಯಲೆಂದು ಚಾಚಾನ ಅಂಗಡಿಯಿಂದ ಸುರು ಮಾಡಿದೆ. ಹಪ್ಪಳಕ್ಕೆ ಬರುವಷ್ಟರಲ್ಲಿ ನನ್ನ ಹದಿನೈದು ನಿಮಿಷ ಮುಗಿದಿತ್ತು.

ಮರಳಿ ಬರುವಾಗ ರೈಲಿನಲ್ಲಿ ಹೇಳಿಬಿಡಬೇಕೆಂದು ನಿಶ್ಚಯ ಮಾಡಿದ್ದೆ. ಮಿರಜ ದಾಟಿದ ಮೇಲೆ ಸುರು ಮಾಡಿದೆ. ಏಕಾಏಕಿ ಹೇಳಿದರೆ ತಪ್ಪು ತಿಳಿದಾಳು ಎಂದು ಕಾಲೇಜಿನ ಮೊದಲ ವರ್ಷದಿಂದ ಹಿಡಿದೆ. ಘಟಪ್ರಭಾದಲ್ಲಿ ಮೊದಲ ಐತವಾರಕ್ಕೆ ಬಂದೆ, ಪಾಚ್ಛಾಪುರದಲ್ಲಿ ಕಿತ್ತೂರಿನ ಅವಲಕ್ಕಿಗೆ ಬಂದೆ. ಆಕೆ ಗದ್ದಕ್ಕೆ ಕೈಹಚ್ಚಿ ಕೇಳುತ್ತಿದ್ದಳು, ನಡುವೆ ಎರಡು ಸಲ “ಮುಂದ?” ಎಂದಳು. ಅವಲಕ್ಕಿಗೆ ಶೇಂಗಾ ಹಾಕಿದ್ದರೋ ಪುಟಾಣಿಯೋ ಎಂದು ನಾನು ನೆನಪು ಮಾಡಿಕೊಳ್ಳುವಷ್ಟರಲ್ಲಿ ಬೆಳಗಾವಿ ಬಂತು. ಪ್ಲಾಟ್‌ಫಾರ್ಮಿನಲ್ಲಿ ಆಕೆಯ ಅಣ್ಣ ನಿಂತಿದ್ದ, ಚೀಲ ಇಸಿದುಕೊಂಡ.

“ಉಳಿದಿದ್ದು ಐತವಾರ ಹೇಳ್ರಿ” ಎಂದು ಹೋದಳು.

ಮೊದಲ ಚಹಾ

ಆ ಐತವಾರ ಆಕೆ ಪೇಢೆ ತಂದಳು. ಪತ್ರ ಬಂದಿತ್ತು. ಹದಿನೈದು ದಿನದಲ್ಲಿ ಮುಂಬೈಗೆ ಹಾಜರಾಗಬೇಕು. ನನಗೆ ಇನ್ನೂ ಪತ್ರ ಬಂದಿರಲಿಲ್ಲ, ಬರುವುದಿಲ್ಲವೆಂದೂ ಗೊತ್ತಾಗಿರಲಿಲ್ಲ. ಎಲ್ಲರೂ ಪೇಢೆ ತಿಂದರು. ಡ್ರೈವರನ ಹೆಂಡತಿಯೂ ಬಂದು, ಕಾರ್ಖಾನೆ ಮುಂಬೈಗೆ ಹೋಯಿತೇ ಎಂದು ಕೇಳಿ, ಆಕೆಯ ತಲೆ ಸವರಿ ಹೋದಳು. ಉಳಿದದ್ದನ್ನು ಹೇಳಲು ನಾನು ಗಂಟಲು ಸರಿಮಾಡಿಕೊಂಡೆ. ಆದರೆ ಹೋಗುವವಳಿಗೆ, ಪೇಢೆ ಹಿಡಿದು ನಿಂತವಳಿಗೆ, ಏನು ಹೇಳುವುದು? ಹೇಳಿದರೆ ಕಾಲಿಗೆ ಹಗ್ಗ ಕಟ್ಟಿದಂತೆ. ಹೋಗಿ ಬರ್ರಿ, ಚಲೋ ಆತು, ಎಂದೆ. ನನ್ನ ಜೀವನದಲ್ಲಿ ಬಿಡಿಸಿ ಹೇಳದೆ ಮುಗಿಸಿದ ಮಾತು ಅದೊಂದೇ.

ಚಾಚಾ ಚಹಾ ಬಗ್ಗಿಸಿದರು. ಮೊದಲ ಬಟ್ಟಲನ್ನು ನನ್ನ ಮುಂದೆ ಇಟ್ಟರು.

ನನ್ನ ಪತ್ರ ಇನ್ನೂ ಬಂದಿಲ್ಲ, ನಾನು ಸೋತಿದ್ದೇನೆಂದು ಈಗಲೇ ಹೇಗೆ ಹೇಳುತ್ತೀರಿ ಎಂದು ಕೇಳಿದೆ.

“ನೌಕರಿ ಬಗ್ಗೆ ಯಾರು ಅಂದ್ರು ಬೇಟಾ? ಆರೂದರೊಳಗ ಕುಡಿ.”

ಟೈಪಿಸ್ಟ್ ಮಷೀನಿನ ಮೇಲೆ ಬಗ್ಗಿದ. ಆಕೆ ಬಟ್ಟಲನ್ನು ನೋಡಿದಳು, ಚಾಚಾನ ಮುಖ ನೋಡಿದಳು. “ಚಾಚಾ, ಮೊದಲ ಚಹಾ ನನಗ ಕೊಡಬೇಕಿತ್ತು” ಎಂದಳು. ಎಂದವಳೇ ಆ ಬಟ್ಟಲು ಎತ್ತಿ, ಅರ್ಧ ಚಹಾ ಅದರ ಕೆಳಗಿನ ಬಸಿಗೆ ಸುರುವಿ, ಬಸಿಯನ್ನು ತಾನು ತೆಗೆದುಕೊಂಡು ಬಟ್ಟಲನ್ನು ನನಗೆ ಕೊಟ್ಟಳು. ಚಾಚಾ ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡರು.

“ಮೂವತ್ತು ವರ್ಷದಾಗ ಇಬ್ಬರೂ ಸೋತ ಕೇಸ್ ಇದ ಮೊದಲನೇದು. ಸಾಕ್ಷಿ ಸಹಿ ಎಲ್ಲಿ ಹಾಕಲಿ?”

ಎಲ್ಲರೂ ನಕ್ಕರು. ಆಕೆಯೂ ನಕ್ಕಳು, ನಾನೂ ನಕ್ಕೆ. ನಗುವ ಪ್ರಸಂಗ ಬರೆಯಿರಿ ಎಂದಾಗ ನನಗೆ ನೆನಪಾದದ್ದು ಆ ನಗು.

ಈಗ ಚಾಚಾ ಇಲ್ಲ. ನಾನು ಸವದತ್ತಿಯಲ್ಲೇ ವಕೀಲಿ ಮಾಡುತ್ತೇನೆ. ಅಂಗಡಿ ಚಾಚಾನ ಸೊಸೆ ನೋಡಿಕೊಳ್ಳುತ್ತಾಳೆ. ಐತವಾರ ರಾಜಿಗಳಿಗೆ ಬೆಂಚಿನ ಮೇಲೆ ನನ್ನನ್ನೇ ಕೂರಿಸುತ್ತಾರೆ. ಇದನ್ನು ಬರೆಯುತ್ತಿರುವುದೂ ಅಲ್ಲಿಯೇ. ರಾಮದುರ್ಗದ ಬೋರ್ಡಿನ ಬಸ್ಸು ಬಂದರೆ ಈಗಲೂ ತಲೆ ಎತ್ತುತ್ತೇನೆ, ಅದಕ್ಕೆ ಕಾರಣ ಆ ಬಸ್ಸಿನ ಹಾರ್ನು ಬಹಳ ಜೋರು.

ಆಕೆ ಅಂದದ್ದಕ್ಕೆ ಅರ್ಥವೇನೆಂದು ಓದುಗರಿಗೆ ಬಿಡಿಸಿ ಹೇಳುವುದು ನನ್ನ ಕರ್ತವ್ಯ. ನನ್ನ ತಿಳಿವಳಿಕೆಯಲ್ಲಿ ಮೂರು ಅರ್ಥ. ಒಂದು, ದೂರದಿಂದ ಬಸ್ಸಿನಲ್ಲಿ ನಿಂತು ಬಂದಿದ್ದಳು, ಬಾಯಾರಿತ್ತು. ಎರಡು, ಊರು ಮನೆ ಬಿಟ್ಟು ಹೋಗುವವಳು ತಾನು, ಆದ್ದರಿಂದ ನಿಯಮದ ಪ್ರಕಾರ ಮೊದಲ ಚಹಾದ ಹಕ್ಕು ತನ್ನದು ಎಂಬ ಕಾನೂನಿನ ಅಂಶ. ಮೂರನೆಯದು ಹೇಳುವ ಮೊದಲು ಒಂದು ವಿಷಯ ಸ್ಪಷ್ಟ ಮಾಡಬೇಕು. ಆ ದಿನ ಬಸಿಯಲ್ಲಿ ಸುರುವಿದ ಚಹಾವನ್ನು ಆಕೆ ತಕ್ಷಣ ಕುಡಿಯಲಿಲ್ಲ, ನನ್ನ ಕಡೆ ನೋಡುತ್ತ, ನಾನು ಏನಾದರೂ…

“ಸಾಹೇಬರ, ಎರಡೂ ಪಾರ್ಟಿ ಬಂದು ಕುಂತಾರ್ರಿ. ಚಹಾ ಆಗೇತಿ. ಮೊದಲ ಯಾರಿಗೆ ಕೊಡ್ಲಿ?”

ಚಾಚಾನ ಸೊಸೆ ಕರೆಯುತ್ತಿದ್ದಾಳೆ. ಬಂದೆ. ನಾನು ಏನಾದರೂ ಹೇಳುತ್ತೇನೆಂದು ಆಕೆ…