ಬೆಚ್ಚಗಿರಬೇಕು ಅಂದಿದ್ದರು ಡಾಕ್ಟರಮ್ಮ

ನಗಬಾರದ ಜಾಗದಲ್ಲೇ ನಗು ಬರುವಂಥದ್ದು ನಮ್ಮ ಮನೆಯಲ್ಲಿ ತಿಂಗಳಿಗೊಂದಾದರೂ ಆಗುತ್ತದೆ. ಉಪ್ಪಲ್‌ನಲ್ಲಿ ಕಟ್ಟುತ್ತಿದ್ದ ಮನೆಯ ಎರಡನೇ ಮಹಡಿಯಿಂದ, ಕೈಯಲ್ಲಿ ಅಳತೆಯ ಟೇಪು ಹಿಡಿದುಕೊಂಡೇ ಬಿದ್ದವನು ನಾನು. ಬೆನ್ನುಹುರಿಗೆ ಪೆಟ್ಟಾಗಿ ಎದೆಯಿಂದ ಕೆಳಗೆ ಎಲ್ಲ ಸುಮ್ಮನಾಯಿತು. ಮದುವೆಯಾಗಿ ಆಗ ಎಂಟು ತಿಂಗಳು. ಆದರೂ ಮಕ್ಕಳಾಗಬಹುದು, ಅದಕ್ಕೆ ಉಪಾಯಗಳಿವೆ ಎಂದು ಡಾಕ್ಟರಮ್ಮ ಹೇಳಿದ ದಿನದಿಂದ ಈ ಪ್ರಸಂಗಗಳು ಶುರುವಾದವು.

೧. ಬಾಗಿಲು

ಆಸ್ಪತ್ರೆಯಲ್ಲಿ ಗಂಡಸರು ವೀರ್ಯ ಕೊಡುವುದಕ್ಕೆಂದೇ ಒಂದು ಕೋಣೆ. ಅಟೆಂಡರ್ ನನ್ನ ಕೈಗೆ ಡಬ್ಬಿ ಕೊಟ್ಟು ವೀಲ್‌ಚೇರ್ ತಳ್ಳಿದ. ಬಾಗಿಲು ನಾಲ್ಕು ಬೆರಳು ಸಣ್ಣದು. ಓರೆ ಮಾಡಿ ನೋಡಿದ, ಹಿಂದುಮುಂದಾಗಿ ತಿರುಗಿಸಿ ನೋಡಿದ. ಕಡೆಗೆ ಬೆವರು ಒರೆಸಿಕೊಂಡು, "ಸಾಬ್, ದೋ ಕದಮ್ ಚಲ್ ಕೇ ಚಲೇ ಜಾವ್ ನಾ" ಎಂದ.

ಎರಡು ಹೆಜ್ಜೆ ನಡೆಯಲಿಕ್ಕೆ ಬಂದಿದ್ದರೆ ನಾನು ಇಲ್ಲಿಗೇ ಬರುತ್ತಿರಲಿಲ್ಲ ಎಂದೆ. ಅವನು ಮನಸ್ಸಿಗೆ ಹಚ್ಚಿಕೊಂಡ. ಮುಂದಿನ ಸಲ ಫೈಲ್ ನೋಡಿದರೆ ನನ್ನ ಹೆಸರಿನ ಮುಂದೆ ಬರೆದಿತ್ತು: ರೋಗಿ ಸಹಕರಿಸಲಿಲ್ಲ.

೨. ಯಂತ್ರ

ಡಾಕ್ಟರಮ್ಮ ಗುಂಯ್‌ಗುಡುವ ಒಂದು ಯಂತ್ರ ಕೊಟ್ಟರು. ತಮ್ಮ ಮುಂದೆಯೇ ಎರಡು ಸಲ ಪರೀಕ್ಷೆ ಮಾಡಿ, ಇನ್ನು ಮನೆಯಲ್ಲೇ ಮಾಡಿಕೊಳ್ಳಿ ಎಂದರು. ಅದರ ನಡುಕಕ್ಕೆ, ನನಗೆ ಗೊತ್ತಾಗದಿದ್ದರೂ, ಮೈ ತನ್ನ ಕೆಲಸ ತಾನು ಮಾಡುತ್ತದಂತೆ. ಆದರೆ ಬಿಪಿ ಒಮ್ಮೆಲೇ ಏರಿ ಜೀವಕ್ಕೇ ಅಪಾಯವಾಗಬಹುದು. ಹಾಗಾಗಿ ಹೆಂಡತಿ ಕೈಯಲ್ಲಿ ಯಂತ್ರ ಹಿಡಿದು, ಕಣ್ಣು ಬಿಪಿ ಮಿಷನ್ ಮೇಲೆ ಇಟ್ಟು ಕೂರುತ್ತಿದ್ದಳು. ನಮ್ಮದೂ ಪ್ರೇಮವೇ, ನೂರಾ ಅರವತ್ತು ದಾಟಿದರೆ ನಿಲ್ಲಿಸಬೇಕು ಅಷ್ಟೆ.

ಪಕ್ಕದ ಮನೆಯ ತೆಲುಗು ಆಂಟಿ ಅದೇನು ಸದ್ದು ಎಂದು ಒಳಗೇ ಬಂದರು. ಅವ್ವ ಗಾಬರಿಯಾಗಿ, ಮಗ ಗಡ್ಡ ಮಾಡಿಕೊಳ್ಳುತ್ತಿದ್ದಾನೆ ಎಂದುಬಿಟ್ಟಳು. ಮುಕ್ಕಾಲು ತಾಸಿನ ಮೇಲೆ ನಾನು ಹೊರಗೆ ಬಂದಾಗ ಹದಿನೈದು ದಿನದ ಗಡ್ಡ ಹಾಗೇ ಇತ್ತು. ಆಂಟಿ ಕನಿಕರದಿಂದ, ಆ ಮಿಷನ್ ಸರಿಯಿಲ್ಲ, ಬೇರೆ ತೆಗೆದುಕೊಳ್ಳಿ ಎಂದರು. ಡಬ್ಬಿಯೂ ಅವತ್ತು ಖಾಲಿಯೇ ಇತ್ತು.

೩. ರೊಟ್ಟಿ

ಆಸ್ಪತ್ರೆಯಲ್ಲಿ ಸೂಜಿ ಹಾಕಿ ವೀರ್ಯ ತೆಗೆದದ್ದೂ ಕೈಗೂಡಲಿಲ್ಲ. ಯಂತ್ರದಿಂದ ಬಂದದ್ದರಲ್ಲೂ ಜೀವ ಇದ್ದವು ತಿಂಗಳಿಂದ ತಿಂಗಳಿಗೆ ಕಡಿಮೆಯಾಗುತ್ತಿದ್ದವು. "ಇದೊಂದು ಸಲ ನೋಡೋಣ. ಆಗದಿದ್ದರೆ ಬೇರೆ ಗಂಡಸಿನದ್ದು ತೆಗೆದುಕೊಳ್ಳುವ ವಿಚಾರ ಮಾಡಿ" ಎಂದರು ಡಾಕ್ಟರಮ್ಮ. ಡಬ್ಬಿಯನ್ನು ಮೈಗೆ ಹತ್ತಿಸಿಕೊಂಡು ಬೆಚ್ಚಗೆ ಇಟ್ಟು, ತಾಸಿನೊಳಗೆ ತರಬೇಕು.

ಆ ಬೆಳಿಗ್ಗೆ ಡಬ್ಬಿಗೆ ಬಂತು. ಹೆಂಡತಿ ನನ್ನನ್ನು ಮಂಚದಿಂದ ಎತ್ತಿ ಕುರ್ಚಿಗೆ ಕೂರಿಸುತ್ತಲೇ ಅವ್ವನನ್ನು ಕೂಗಿದಳು.

"ಅತ್ತಿ, ಆ ಡಬ್ಬಿ ಒಂಚೂರು ಬೆಚ್ಚಗ ಹಿಡಕೊಳ್ರಿ."

ಆಟೋ ಹತ್ತುವಾಗ ಅವ್ವ ಅವಳ ತೊಡೆಯ ಮೇಲೆ ಒಂದು ಚೀಲ ಇಟ್ಟಳು. "ಒಳಗ ಬೆಚ್ಚಗ ಐತಿ. ಬಿಚ್ಚಿ ಗಾಳಿ ತಾಗಸಬ್ಯಾಡ."

ಲಿಂಗಂಪಲ್ಲಿಯಿಂದ ಆಸ್ಪತ್ರೆಯ ತನಕ ಹೆಂಡತಿ ಚೀಲವನ್ನು ಅವಚಿಕೊಂಡೇ ಕೂತಿದ್ದಳು. ಲ್ಯಾಬಿನಲ್ಲಿ ಬಿಚ್ಚಿದರೆ ನಮ್ಮ ಮನೆಯ ರೊಟ್ಟಿ ಡಬ್ಬಿ. ಕೆಳಗೆ ಎರಡು ಬಿಸಿ ಜೋಳದ ರೊಟ್ಟಿ, ಮೇಲೆ ಎರಡು, ನಡುವೆ ಅದು. ಇನ್ನೂ ಹಬೆ ಆಡುತ್ತಿತ್ತು.

ಲ್ಯಾಬಿನವಳು ಭಾಳ ಹೊತ್ತು ನೋಡಿ, ಬಿಸಿಗೆ ಎಲ್ಲ ಸತ್ತಿವೆ ಎಂದಳು. ನಾನೂ ಹೆಂಡತಿಯೂ ಮುಖ ಮುಖ ನೋಡಿಕೊಂಡು ಮೊದಲು ನಕ್ಕೆವು. ಅಳುವುದನ್ನು ಆಟೋದಲ್ಲಿ ಮಾಡಿದೆವು. ಅವ್ವನಿಗೆ ಹೇಳುವುದು ಬೇಡ, ಹೇಳಿದರೆ ಅವಳು ಉಳಿಯುವುದಿಲ್ಲ ಎಂದು ಇಬ್ಬರೂ ಮಾತಾಡಿಕೊಂಡೆವು.

ಅವ್ವ ಗೇಟಿನಲ್ಲೇ ನಿಂತಿದ್ದಳು. "ಏನಂದ್ರು?"

ಹೆಂಡತಿ ಸೀದಾ ಒಳಗೆ ಹೋದಳು. ನನ್ನ ಬಾಯಿಗೆ ಬಂದದ್ದನ್ನು ಹೇಳಿದೆ. "ಅವು ಮಲಗ್ಯಾವಂತ ಯವ್ವ."

ಅವ್ವನ ಮುಖ ಅರಳಿತು.

"ಮಲಗದ ಏನ್ ಮಾಡ್ತಾವು? ಅಷ್ಟು ಬೆಚ್ಚಗ ಹೊಚ್ಚಿ ಕಳಸೀನಿ ನಾ. ಅವಸರ ಮಾಡಬ್ಯಾಡ್ರಿ, ಎದ್ದ ಮ್ಯಾಲ ಹೋಗಿ ನೋಡ್ರಿ."