ಕೆಡಲೊಲ್ಲದ ಸೈಕಲ್ಲು

ಉಗ್ರಾಣದ ಗುಮಾಸ್ತರ ಬಾಯಿ ಸುಮ್ಮನಿರಲಿಲ್ಲ, ಅಷ್ಟೇ ಆದದ್ದು. ಕಚೇರಿಯವರೆಲ್ಲ ಇನ್ನೂರು ಕಿಲೋಮೀಟರ್ ಸೈಕಲ್ ಸವಾರಿಗೆ ಹೆಸರು ಕೊಡುತ್ತಿದ್ದಾಗ ಮ್ಯಾನೇಜರು, "ಇದೆಲ್ಲ ನಿಮ್ಮ ಕೈಲಿ ಆಗೋದಲ್ಲ ಬಿಡಿ" ಎಂದರು.

"ಏನ್ ಸಾರ್ ಇನ್ನೂರು, ಪ್ರಾಯದಲ್ಲಿ ಅಷ್ಟು ದೂರ ನಾನು ಕ್ಷೌರಕ್ಕೆ ಹೋಗ್ತಿದ್ದೆ" ಎಂದುಬಿಟ್ಟರು ಇವರು.

ಸವಾರಿ ನಾಳೆ. ಅಭ್ಯಾಸ ಅಭ್ಯಾಸ ಎಂದು ಹೊರಟವರು ಒಂದು ದಿನವೂ ಮಾರುಕಟ್ಟೆ ದಾಟಿರಲಿಲ್ಲ. ಹೋದರೆ ಮೊಣಕಾಲು ಉಳಿಯುವುದಿಲ್ಲ, ಹೋಗದಿದ್ದರೆ ಕಚೇರಿಯಲ್ಲಿ ಮಾನ ಉಳಿಯುವುದಿಲ್ಲ. ಸೈಕಲ್ಲೇ ಕೈಕೊಟ್ಟರೆ ಎರಡೂ ಉಳಿದಾವು. ಹೆಂಡತಿ ಸ್ನಾನಕ್ಕೆ ಹೋದದ್ದೇ ತಡ, ಮಹಡಿಯ ಬಾಗಿಲಾಚೆ ಮೆಟ್ಟಿಲ ಪಕ್ಕ ನಿಲ್ಲಿಸಿದ್ದ ಸೈಕಲ್ಲಿನ ಹಿಂದಿನ ಟಯರಿಗೆ ಒಂದು ಮೊಳೆ ಚುಚ್ಚಿದರು.

ಎದುರುಮನೆಯ ನಿವೃತ್ತ ಫಿಟ್ಟರು ಸದಾ ಬಾಗಿಲು ತೆರೆದೇ ಕೂತಿರುವ ಆಸಾಮಿ. ಬುಸ್ ಎಂಬ ಸದ್ದು ಕೇಳಿದ್ದೇ ಪ್ಯಾಚು, ಅಂಟು ಹಿಡಿದು ಹಾಜರಾದರು.

"ಪಂಕ್ಚರಾ? ನಾನಿರುವಾಗ ನಿಮಗ್ಯಾಕ್ರೀ ಚಿಂತೆ?"

"ಬೇಡಿ ಸಾರ್, ದೇವರ ಇಚ್ಛೆ ಹೀಗಿದ್ರೆ ಹೀಗೇ ಇರಲಿ."

"ದೇವರಿಗೆ ಪಂಕ್ಚರ್ ಹಾಕೋಕೆ ಬರಲ್ಲ ಕಣ್ರೀ" ಎಂದು ಆತ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟರು.

ಮಧ್ಯಾಹ್ನ ಗುಮಾಸ್ತರು ಚೈನನ್ನೇ ಕಳಚಿ ಮಹಡಿಯ ಕಿಟಕಿಯಿಂದಾಚೆ ಎಸೆದರು. ಚೈನು ಕಾಣೆಯಾದದ್ದನ್ನು ನೋಡಿದ ಹೆಂಡತಿ ಗುಟ್ಟಾಗಿ ತಮ್ಮನಿಗೆ ಫೋನು ಮಾಡಿದಳು. ಆತ ತನ್ನ ಸೈಕಲ್ಲಿನ ಚೈನು ಬಿಚ್ಚಿಕೊಂಡು, ಡಬ್ಬಿ ತುಂಬ ಎಣ್ಣೆ ಹಿಡಿದು ಓಡಿಬಂದ.

"ಭಾವ, ಕಳ್ಳರು ಕದ್ರೆ ಕದೀಲಿ, ನಾನಿದೀನಿ. ನೀವು ಹೆಸರು ಮಾಡಿದ್ರೆ ನಮಗೂ ಹೆಮ್ಮೆ ತಾನೆ?"

"ಜನ್ಮದಲ್ಲಿ ಯಾವುದಕ್ಕೂ ಇಷ್ಟು ಆಸೆಪಟ್ಟವರಲ್ಲ ಇವರು" ಎಂದು ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಗುಮಾಸ್ತರಿಗೂ ಅಳು ಬಂತು. ಸಂತೋಷಕ್ಕೆ ಎಂದುಕೊಂಡರು ಎಲ್ಲರೂ.

ಸಂಜೆಗೆ ಸೈಕಲ್ಲು ಮದುಮಗನ ಹಾಗೆ ಮಿರಮಿರ ಮಿಂಚುತ್ತಿತ್ತು. ಭಾವಮೈದ ಚೈನಿಗೆ ಹಾಕಿದ ಎಣ್ಣೆಯಲ್ಲಿ ಅರ್ಧ ಮೆಟ್ಟಿಲ ಪಾಲಾಗಿತ್ತು. ತಲೆ ಕೆಟ್ಟು ಗಾಳಿಗೆಂದು ಹೊರಟ ಗುಮಾಸ್ತರು ಮೇಲಿನ ಮೆಟ್ಟಿಲಲ್ಲಿ ಕಾಲಿಟ್ಟವರು ಕೆಳಗಿನ ಮೆಟ್ಟಿಲಲ್ಲಿ ಕೂತಿದ್ದರು. ಪಾದದ ಮೂಳೆ ಬಿರುಕುಬಿಟ್ಟಿತ್ತು.

"ಡಾಕ್ಟ್ರೇ, ನಾಳೆ ಸೈಕಲ್ ತುಳಿಯೋ ಹಾಗಿಲ್ಲ ಅಲ್ವಾ?" ಎಂದು ಕೇಳಿದರು, ಪ್ಲಾಸ್ಟರು ಹಾಕಿಸಿಕೊಳ್ಳುತ್ತ.

"ತಲೆ ಸರಿಯಿದೆಯೇನ್ರೀ ನಿಮಗೆ?"

ಇಷ್ಟು ಹಿತವಾದ ಬೈಗುಳವನ್ನು ಅವರು ಕೇಳಿರಲಿಲ್ಲ. ಅಷ್ಟರಲ್ಲಿ ಮ್ಯಾನೇಜರು ಕಚೇರಿಯವರನ್ನೆಲ್ಲ ಕಟ್ಟಿಕೊಂಡು ಒಳಗೆ ಬಂದರು. ಗುಮಾಸ್ತರು ಮುಖ ಸಪ್ಪೆ ಮಾಡಿಕೊಂಡರು.

"ನನ್ನ ಹಣೆಬರಹ ಸಾರ್. ನೀವೆಲ್ಲ ಹೋಗಿ ಬನ್ನಿ."

ಮ್ಯಾನೇಜರು ಅವರ ಭುಜದ ಮೇಲೆ ಕೈಯಿಟ್ಟರು. "ನಿಮ್ಮನ್ನ ಬಿಟ್ಟು ಹೇಗ್ರೀ ಹೋಗೋದು? ನಿಮಗೆಷ್ಟು ಆಸೆ ಇತ್ತು ಅಂತ ನಿಮ್ಮ ಮನೆಯವರು ಎಲ್ಲಾ ಹೇಳಿದ್ರು. ನಾಳೆಯದನ್ನ ನಾವೆಲ್ಲ ಬಿಟ್ವಿ. ಮೂರು ತಿಂಗಳಿಗೆ ಇನ್ನೊಂದು ಸವಾರಿ ಇದೆ, ಅದಕ್ಕೆ ನಿಮ್ಮ ಹೆಸರನ್ನೇ ಮೊದಲು ಕೊಟ್ಟಿದೀವಿ."

"ಅದೂ... ಇನ್ನೂರೇನಾ ಸಾರ್?"

"ನಾನೂರು. ಗಾಬರಿ ಬೇಡ, ರಾತ್ರೀನೂ ತುಳೀಬಹುದಂತೆ."

ಗುಮಾಸ್ತರು ದಿಕ್ಕುತೋಚದೆ ಡಾಕ್ಟರ ಮುಖ ನೋಡಿದರು. ಡಾಕ್ಟರು ಪ್ಲಾಸ್ಟರಿನ ಮೇಲೆ ಮೆಲ್ಲಗೆ ತಟ್ಟಿದರು.

"ಅಷ್ಟರಲ್ಲಿ ಕಾಲು ಗಟ್ಟಿಯಾಗಿರುತ್ತೆ. ಆದ್ರೂ ನಿಮಗೆ ಧೈರ್ಯಕ್ಕಿರಲಿ, ನಾನೂ ಹೆಸರು ಕೊಡ್ತೀನಿ. ಉದ್ದಕ್ಕೂ ನಿಮ್ಮ ಪಕ್ಕದಲ್ಲೇ ಇರ್ತೀನಿ."